ಕಳಚಿ ಬರುವ ಪಟ್ಟಿ

ಆಗಸ್ಟ್ 4, ವಡೋದರಾ

ಇವತ್ತೂ ಜಲಜಾ ಮೇಡಂ ಉತ್ತರ ಕೊಡಲಿಲ್ಲ. "ನಿಮ್ಮ ಕೆಲಸಕ್ಕೆ ಸ್ಫೂರ್ತಿ ಏನು?" ಎಂದು ಕೇಳಲು ಬೆಳಗಿನಿಂದ ಧೈರ್ಯ ಕೂಡಿಸಿಕೊಂಡಿದ್ದೆ. ಕೇಳಿದಾಗ ಅವರು ರಟ್ಟಿನ ಹಾಳೆಯ ಮೇಲೆ ಮಡಿಕೆಯ ಗೆರೆ ಎಳೆಯುತ್ತಿದ್ದರು. ತಲೆ ಎತ್ತದೆ, "ಹೊಟ್ಟಿಪಾಡು ಅಂತ ಬರ್ಕೊ," ಎಂದರು. ಪಕ್ಕದಲ್ಲಿ ಅಂಟು ಹಚ್ಚುತ್ತಿದ್ದ ನಳಿನಿಬೆನ್‌ಗೆ ಕನ್ನಡ ಬಾರದು. ಆದರೂ ನನ್ನ ಮುಖ ನೋಡಿ ನಕ್ಕುಬಿಟ್ಟರು.

ಮೇಡಂ ಮೂವತ್ತು ವರ್ಷಗಳಿಂದ ಪೊಟ್ಟಣ, ಪೆಟ್ಟಿಗೆ, ಡಬ್ಬಿಗಳ ವಿನ್ಯಾಸ ಮಾಡುತ್ತಿದ್ದಾರೆ. ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ಅವರ ಕೆಲಸದ ಪ್ರದರ್ಶನವಿದೆ. ಅಲ್ಲಿ ಗೋಡೆಗೆ ಹಾಕಲು ಅವರ ಹಿನ್ನೆಲೆಯ ಬಗ್ಗೆ, ಸ್ಫೂರ್ತಿಯ ಬಗ್ಗೆ ಒಂದು ಬರಹ ಬೇಕು. ಸಾಹಿತ್ಯ ಓದಿದವಳು ಎಂದು ಅದನ್ನು ನನಗೆ ಒಪ್ಪಿಸಿದ್ದಾರೆ. ಕನ್ನಡದಲ್ಲಿ ಬರೆದರೆ ಸಾಕು, ಗುಜರಾತಿಗೆ ಬೇರೆಯವರು ಮಾಡುತ್ತಾರಂತೆ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಮಕರಪುರದ ಕಾರ್ಖಾನೆಯಲ್ಲಿರುವ ಪ್ರಮೋದಣ್ಣನ ಮನೆ ಸೇರಿ, ಅಲ್ಕಾಪುರಿಯ ಈ ಆಫೀಸಿಗೆ ಬರತೊಡಗಿ ಇನ್ನೂ ಹೆಚ್ಚು ದಿನವಾಗಿಲ್ಲ. ಫೋನ್ ಬಂದರೆ ಎತ್ತದೆ ಬಚ್ಚಲುಮನೆಗೆ ಹೋಗಿ ನಿಲ್ಲುವವಳಿಗೆ ಇನ್ನೊಬ್ಬರ ಮನಸ್ಸು ಹೊಕ್ಕು ಬರುವ ಕೆಲಸ.

ನಳಿನಿಬೆನ್ ಮಧ್ಯಾಹ್ನ ತಮ್ಮ ಡಬ್ಬಿಯಿಂದ ಥೇಪ್ಲಾ ರೊಟ್ಟಿ ಕೊಟ್ಟು, ಗುಜರಾತಿಯಲ್ಲಿ ಏನೋ ಕೇಳಿದರು. ಅರ್ಥವಾಯಿತು. ಕಾಲೇಜಿನ ರಜೆಗಳಲ್ಲಿ ಅಣ್ಣನ ಮನೆಗೆ ಬಂದು ಹೋಗಿ ಗುಜರಾತಿ ಕಿವಿಗೆ ರೂಢಿಯಾಗಿದೆ, ನಾಲಿಗೆಗೆ ಇನ್ನೂ ಬಂದಿಲ್ಲ.

ಆಗಸ್ಟ್ 9

ಕರೆಂಟು ಹೋಗಿ ಕೆಲಸ ನಿಂತಿತ್ತು. ಮೇಡಂ ತಾವಾಗಿಯೇ ಹೇಳತೊಡಗಿದರು. ಗದಗದವರಾದರೂ ಬಾಲ್ಯದ ಬಹುಭಾಗ ಕಳೆದದ್ದು ಸೂರತ್‌ನಲ್ಲಿ. ಅವರ ಮಾತು ಮಾತ್ರ ಇನ್ನೂ ಗದಗದ್ದೇ.

"ನಮ್ಮಪ್ಪ ಬ್ಯಾಂಕಿನಾಗ ಇದ್ರು. ಮ್ಯಾಲಿಂದ ಮ್ಯಾಲೆ ವರ್ಗ. ಸಾಮಾನು ಕಟ್ಟೂದು, ಬಿಚ್ಚೂದು. ಅದಕ್ಕ ನಮ್ಮವ್ವ ಒಂದು ಡಬ್ಬಿನೂ ಒಗೀತಿರಲಿಲ್ಲ. ಬಿಸ್ಕೀಟಿಂದು, ಎಣ್ಣಿದು, ಘಾರಿ ಮಿಠಾಯಿದು. ಆದ್ರ ಕಂಪನಿ ಹೆಸರು ಇರಾಕ ಬಿಡತಿರಲಿಲ್ಲ. ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತಗೀತಿದ್ಲು."

"ಯಾಕೆ ಮೇಡಂ?"

"ಮಂದಿ ಹೆಸರು ನಮ್ಮ ಅಡಿಗಿಮನ್ಯಾಗ ಯಾಕಿರಬೇಕು ಅಂತಿದ್ಲು. ಬೆರಳು ಸುಲೀತಿದ್ವು ಆಕಿವು. ಅವತ್ತ ಅನ್ಕೊಂಡೆ, ನಾ ಮಾಡೋ ಡಬ್ಬಿಯಿಂದ ಹೆಸರು ತಾನ ಕಳಚಿ ಬರಬೇಕು. ಒಳಗಿನ ಮಾಲು ಮುಗಿದ ಮ್ಯಾಲೂ ಡಬ್ಬಿ ಮನ್ಯಾಗ ಬಾಳಬೇಕು."

ಇದಕ್ಕಿಂತ ಸುಂದರವಾದ ಸ್ಫೂರ್ತಿ ಯಾರಿಗಿದ್ದೀತು? ಸಂಜೆ ಮನೆಗೆ ಬಂದು ಒಂದೇ ಉಸಿರಿಗೆ ಬರೆದೆ. 'ಅನುಪಮ', 'ಅಮರ', 'ಮಾತೃಹಸ್ತದ ನೋವಿನಿಂದ ಅರಳಿದ ಕಲೆ' ಎಲ್ಲ ಬಂತು. ಓದಿಕೊಂಡಾಗ ಹೆಮ್ಮೆಯೆನಿಸಿತು.

ಆಗಸ್ಟ್ 21

ಅಹಮದಾಬಾದಿನ ವಟ್ವಾದಿಂದ ಹೊಸ ಡಬ್ಬಿಗಳು ಬಂದವು. ಅಲ್ಲಿ ಅಮೃತ್‌ಭಾಯ್ ಎಂಬುವರ ಕಾರ್ಖಾನೆ ಇದೆ. ನೆಲದ, ನಲ್ಲಿಯ, ಬಟ್ಟೆಯ ಹಠಮಾರಿ ಕಲೆ ತೆಗೆಯುವ ಬಿಳಿ ಪುಡಿ ಮಾಡುತ್ತಾರೆ. ಇಲ್ಲಿಯ ಗಡುಸು ನೀರಿಗೆ ಎಲ್ಲ ಮನೆಗೂ ಅದು ಬೇಕು. ಇಷ್ಟು ದಿನ ಪ್ಲಾಸ್ಟಿಕ್ ಚೀಲದಲ್ಲಿ ಮಾರುತ್ತಿದ್ದರು. ಈಗ ಮೇಡಂ ಮಾಡಿದ ತಗಡಿನ ಡಬ್ಬಿ.

ಎಂಥ ಡಬ್ಬಿ! ಇರುಳಿನ ಆಕಾಶದಂಥ ನೀಲಿ. ಅದರ ಮೇಲೆ ಬಾಂಧಣಿ ಸೀರೆಯಂತೆ ಬಿಳಿಯ ಚುಕ್ಕಿಗಳು. ಮುಚ್ಚಳ ಹಾಕಿದರೆ ಟಕ್ಕೆಂದು ಕೂರುತ್ತದೆ. ಹೆಸರು, ಬಳಸುವ ಬಗೆ, ಎಚ್ಚರಿಕೆ, ಎಲ್ಲವೂ ಸುತ್ತಲಿನ ಒಂದು ಕಾಗದದ ಪಟ್ಟಿಯಲ್ಲಿವೆ. ಪಟ್ಟಿ ಜಾರಿಸಿ ತೆಗೆದರೆ ಮೈಮೇಲೆ ಒಂದಕ್ಷರವೂ ಇಲ್ಲ. ತಳದಲ್ಲಿ ಮಾತ್ರ ಚಿಕ್ಕದಾಗಿ 'ವಿಷ' ಎಂದು ಇಂಗ್ಲಿಷಿನಲ್ಲಿ ಉಬ್ಬಚ್ಚು. ಮೇಡಂ ಅವರ ತಾಯಿ ಇದ್ದಿದ್ದರೆ ತಿಕ್ಕಬೇಕಿರಲಿಲ್ಲ.

ಮೇಡಂ ಎಲ್ಲರಿಗೂ ಪುಡಿ ತುಂಬಿದ ಎರಡೆರಡು ಡಬ್ಬಿ ಕೊಟ್ಟರು. ನಳಿನಿಬೆನ್ ಒಂದನ್ನು ಕೆನ್ನೆಗೆ ಒತ್ತಿಕೊಂಡು, "ಇದರಲ್ಲಿ ಪುಡಿಸಕ್ಕರೆ ಹಾಕಿಡ್ತೀನಿ, ಬಾಪುಜಿಗೆ ಖುಷಿಯಾಗುತ್ತೆ," ಎಂದರು. ಬಾಪುಜಿ ಎಂದರೆ ಅವರ ಮಾವ. ಮುದುಕರಿಗೆ ಅಂದದ ಸಾಮಾನಿನ ಹುಚ್ಚಂತೆ.

ಪ್ರದರ್ಶನದಲ್ಲಿ ಈ ಡಬ್ಬಿಯೇ ನಡುವೆ ನಿಲ್ಲುತ್ತದೆ. ಖರ್ಚಿನಲ್ಲಿ ಪಾಲು ಕೊಡುತ್ತಿರುವವರೂ ಅಮೃತ್‌ಭಾಯ್.

ಸೆಪ್ಟೆಂಬರ್ 11

ನಳಿನಿಬೆನ್ ಬರಲಿಲ್ಲ. ಮಾವ ಆಸ್ಪತ್ರೆಯಲ್ಲಿದ್ದಾರಂತೆ. ವಾಂತಿ, ಹೊಟ್ಟೆಯುರಿ. ವಯಸ್ಸಾದವರು, ಏನೋ ತಿಂದಿರಬೇಕು ಎಂದುಕೊಂಡೆವು.

ಸೆಪ್ಟೆಂಬರ್ 12

ಹೇಗೆ ಬರೆಯಲಿ?

ನಳಿನಿಬೆನ್ ಒಂದು ಡಬ್ಬಿ ಖಾಲಿ ಮಾಡಿ, ತೊಳೆದು, ಒಣಗಿಸಿ, ಪುಡಿಸಕ್ಕರೆ ತುಂಬಿ ಅಡುಗೆಮನೆಯಲ್ಲಿಟ್ಟಿದ್ದರು. ಇನ್ನೊಂದು, ಪುಡಿ ಇದ್ದದ್ದು, ಬಚ್ಚಲುಮನೆಯ ಕಿಟಕಿಯಲ್ಲಿತ್ತು. ನೀರು ಬಿದ್ದು ಅದರ ಕಾಗದದ ಪಟ್ಟಿ ಕಳಚಿಹೋಗಿದೆ. ಮೊನ್ನೆ ಮಧ್ಯಾಹ್ನ ಮಾವ ನಿಂಬೆ ಶರಬತ್ತು ಮಾಡಿಕೊಂಡರು. ಅಡುಗೆಮನೆಯ ಕಟ್ಟೆಯ ಮೇಲಿದ್ದ ನೀಲಿ ಡಬ್ಬಿಯಿಂದ ಎರಡು ಚಮಚ ಹಾಕಿಕೊಂಡರು. ಅದು ಪುಡಿ. ಬಚ್ಚಲಿನ ಡಬ್ಬಿ ಅಡುಗೆಮನೆಗೆ ಬಂದದ್ದು ಹೇಗೆಂದು ಯಾರಿಗೂ ಗೊತ್ತಿಲ್ಲ. ಪುಡಿಯೂ ಹುಳಿ, ನಿಂಬೆಯೂ ಹುಳಿ. ಗೊತ್ತಾಗಲಿಲ್ಲ.

ಮೇಡಂ ಫೋನಿನಲ್ಲಿ ಕೇಳಿಸಿಕೊಂಡು ಕುರ್ಚಿಯಲ್ಲಿ ಕುಳಿತರು. "ಪಟ್ಟಿ ಕಳಚಿತ್ತಂತ," ಎಂದರು.

ಮನೆಗೆ ಬಂದವಳೇ ನಮ್ಮ ನೀಲಿ ಡಬ್ಬಿಯ ಸಕ್ಕರೆಯನ್ನು ಸಿಂಕಿಗೆ ಸುರಿದೆ. ಪ್ರಮೋದಣ್ಣ ಚಹಾಕ್ಕೆ ನೀರಿಟ್ಟು ನಿಂತಿದ್ದ. "ಲೇ, ಸಕ್ಕರೆ ಏನೇ ಮಾಡಿತ್ತು ನಿಂಗೆ?" ಎಂದ. ಹೇಳಿದೆ. ಒಲೆ ಆರಿಸಿದ.

ಸೆಪ್ಟೆಂಬರ್ 14

ಹೋಗಿಬಿಟ್ಟರು. ಮೂತ್ರಪಿಂಡ ನಿಂತುಹೋಗಿತ್ತಂತೆ.

ಸೆಪ್ಟೆಂಬರ್ 18

ಬೆಸಣಾಕ್ಕೆ ಹೋಗಿದ್ದೆವು. ಇಲ್ಲಿ ಸಾವಿನ ಮನೆಗೆ ಎಲ್ಲರೂ ಬಿಳಿ ಬಟ್ಟೆಯುಟ್ಟು ಬಂದು, ಹಾಸಿದ ಬಿಳಿ ಜಮಖಾನದ ಮೇಲೆ ಸ್ವಲ್ಪ ಹೊತ್ತು ಕುಳಿತು, ಫೋಟೊಕ್ಕೆ ಕೈ ಮುಗಿದು ಏಳುತ್ತಾರೆ. ಮಕರಪುರದ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಫೋಟೊದಲ್ಲಿ ಮುದುಕರು ಗರಿಗರಿ ಟೋಪಿ ಹಾಕಿ ನಗುತ್ತಿದ್ದರು.

ನನ್ನ ಹಿಂದೆ ಕುಳಿತ ಹೆಂಗಸರು ಪಿಸುಗುಡುತ್ತಿದ್ದರು. ಗುಜರಾತಿ ಇಷ್ಟು ಚೆನ್ನಾಗಿ ಅರ್ಥವಾಗದಿದ್ದರೆ ಒಳ್ಳೆಯದಿತ್ತು.

"ಸೊಸೆ ಇಟ್ಟ ಡಬ್ಬಿಯಂತೆ."

"ಬಚ್ಚಲಿಂದ ತಂದು ಅಡುಗೆಮನೆಗಿಡೋದೇ? ಕಣ್ಣೆಲ್ಲಿತ್ತು?"

"ಈಗ ಅವಳನ್ನ ಒಲೆ ಹತ್ತಿರ ಬಿಡ್ತಿಲ್ಲ. ಅವಳ ಕೈಯ ನೀರನ್ನೂ ಮನೋಜ್ ಮುಟ್ಟಲ್ಲವಂತೆ."

ಮನೋಜ್ ನಳಿನಿಬೆನ್‌ರ ಗಂಡ. ಬಾಗಿಲಲ್ಲಿ ಕೈ ಮುಗಿದು ನಿಂತಿದ್ದರು. ಬಂದವರಿಗೆ ನೀರು ತರುತ್ತಿದ್ದವರು ಅವರ ತಂಗಿ. ನಳಿನಿಬೆನ್ ಮೂಲೆಯಲ್ಲಿ, ಚಪ್ಪಲಿಗಳ ಹತ್ತಿರ ಕುಳಿತಿದ್ದರು. ದಿನವಿಡೀ ಆಡುವ ಆ ಕೈಗಳು ಮಡಿಲಲ್ಲಿ ಬಿದ್ದಿದ್ದವು.

ಜಲಜಾ ಮೇಡಂ ನಳಿನಿಬೆನ್‌ರ ಅತ್ತೆಯ ಮುಂದೆ ಕುಳಿತರು. ಶಕುಂತಲಾ ಎಂದು ಅವರ ಹೆಸರು; ಇಲ್ಲಿ 'ಬಾ' ಎಂದರೆ ಅಮ್ಮ, ಹಾಗಾಗಿ ಎಲ್ಲರಿಗೂ ಶಕುಂತಲಾಬಾ. ಮೇಡಂ ಬಾಯಿ ತೆರೆದರು, "ಬಾ, ಆ ಡಬ್ಬಿ…" ಎಂದು ಮಾತು ನಿಲ್ಲಿಸಿದರು. "ಬಹಳ ಒಳ್ಳೆಯವರಿದ್ದರು," ಎಂದು ಮುಗಿಸಿದರು. ಮುದುಕಿ ತಲೆಯಾಡಿಸಿದರು. ನಾನು ಮೇಡಂ ಬೆನ್ನ ಹಿಂದೆ ಕಂಬದಂತೆ ಕುಳಿತಿದ್ದೆ.

ಆಟೊದಲ್ಲಿ ಮೇಡಂ ಹೊರಗೆ ನೋಡುತ್ತ, "ಹೇಳಬೇಕಂತನ ಹೋಗಿದ್ದೆ," ಎಂದರು. ವಕೀಲರ ಜೊತೆ ಮಾತಾಡುವವರೆಗೆ ಏನೂ ಬಾಯಿ ಬಿಡಬೇಡಿ ಎಂದು ಬೆಳಿಗ್ಗೆ ಅಮೃತ್‌ಭಾಯ್ ಫೋನ್ ಮಾಡಿದ್ದರು. ಪೊಲೀಸರು ಬಂದು ಆಕಸ್ಮಿಕ ಎಂದು ಬರೆದುಕೊಂಡು ಹೋಗಿದ್ದಾರೆ. ಆದರೆ ಮನೆಯವರ ಕಣ್ಣಿನಲ್ಲಿ ಅದು ಆಕಸ್ಮಿಕವಲ್ಲ, ನಳಿನಿಯ ತಪ್ಪು.

ಸೆಪ್ಟೆಂಬರ್ 25, ಅಹಮದಾಬಾದ್‌ನಿಂದ ಹಿಂತಿರುಗುವಾಗ

ವಟ್ವಾದ ಗಾಳಿ ಇನ್ನೂ ಗಂಟಲಲ್ಲಿದೆ. ಅಮೃತ್‌ಭಾಯ್ ಕೆಟ್ಟವರಲ್ಲ. ಎದ್ದು ನಿಂತು ಸ್ವಾಗತಿಸಿದರು, ನವರಾತ್ರಿಯ ಪ್ರಸಾದ ಕೊಟ್ಟರು, ಮುದುಕರ ಸುದ್ದಿಗೆ ನಿಜವಾಗಿ ನೊಂದುಕೊಂಡರು.

"ಡಬ್ಬಿ ವಾಪಸ್ ತಗೊಳ್ಳಿ," ಎಂದರು ಮೇಡಂ.

"ಬೆನ್, ಹೇಗೆ ತಗೊಳ್ಳಲಿ? ಸೂರತ್‌ಗೆ ಮಾಲು ಹೋಗಿದೆ. ದೀಪಾವಳಿ ಸಫಾಯಿ ಶುರುವಾಗುತ್ತೆ, ವರ್ಷದ ಮಾರಾಟ ಇದೇ. ಮುಂದಿನ ಸಲ ಮೈಮೇಲೆ ಅಚ್ಚು ಹಾಕೋಣ. ತಳದಲ್ಲಿ ಈಗಲೂ ಬರೆದಿದೆಯಲ್ಲ."

"ತಳ ಯಾರು ನೋಡ್ತಾರೆ?"

"ಮೈಮೇಲೆ ಅಕ್ಷರ ಬೇಡವೇ ಬೇಡ ಅಂತ ಹಠ ಹಿಡಿದವರು ಯಾರು?" ಮೆಲ್ಲಗೆ ಕೇಳಿದರು. ಗದರಿದ್ದರೆ ಮೇಡಂ ತಡೆದುಕೊಳ್ಳುತ್ತಿದ್ದರೇನೋ. "ನಾನು ಕೆಂಪು ಅಕ್ಷರ ಕೇಳಿದ್ದೆ. ನೀವು ನಿಮ್ಮ ತಾಯಿಯ ಕಥೆ ಹೇಳಿದಿರಿ. ನಾನೂ ತಾಯಿ ಇದ್ದವನೇ, ಒಪ್ಪಿದೆ. ಈಗ ಆ ಮನೆಯವರೇ ದೂರು ಕೊಡ್ತಿಲ್ಲ. ಸೊಸೆ ಕೈತಪ್ಪು ಅಂತಿದ್ದಾರೆ. ನೀವ್ಯಾಕೆ ಬೆಂಕಿ ಕೆದಕ್ತೀರಿ?"

ರೈಲಿನಲ್ಲಿ ಮೇಡಂ ಕಣ್ಣು ಮುಚ್ಚಿ ಕುಳಿತಿದ್ದಾರೆ. ನಿದ್ದೆಯಲ್ಲ. ನಾನು ಆಗಸ್ಟಿನಲ್ಲಿ ಬರೆದ ಬರಹವನ್ನು ಮೊಬೈಲಿನಲ್ಲಿ ತೆಗೆದು ಓದಿದೆ. 'ನೋವಿನಿಂದ ಅರಳಿದ ಕಲೆ' ಎಂಬಲ್ಲಿಗೆ ನಿಲ್ಲಿಸಿದೆ.

ಸೆಪ್ಟೆಂಬರ್ 30, ಸೂರತ್

ನಿನ್ನೆಯಿಂದ ಇಲ್ಲಿದ್ದೇವೆ. ಅಂಗಡಿ ಅಂಗಡಿ ಸುತ್ತಿ ಉಳಿದ ಡಬ್ಬಿಗಳನ್ನು ಕೊಂಡುಕೊಳ್ಳುತ್ತಿದ್ದೇವೆ. ಎಲ್ಲ ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಮೇಡಂಗೆ, ಈಗ ಜಲಜಕ್ಕ ಎನ್ನತೊಡಗಿದ್ದೇನೆ, ಜ್ವರ ಬಂದು ಗಂಟಲು ಕಟ್ಟಿದೆ. ಅದಕ್ಕೆ ಅಂಗಡಿಯವರ ಹತ್ತಿರ ನಾನೇ ಹರಕು ಗುಜರಾತಿಯಲ್ಲಿ ಮಾತಾಡಿದೆ.

ಭಾಗಳ ಪೇಟೆಯ ಒಂದು ಅಂಗಡಿಯಲ್ಲಿ ಕೊನೆಯ ಎರಡು ಡಬ್ಬಿ ಒಬ್ಬ ಹೆಂಗಸಿನ ಕೈಯಲ್ಲಿದ್ದವು. ಬಿಟ್ಟುಕೊಡಿ ಎಂದೆ. "ಯಾಕೆ? ಮನೆಯಲ್ಲಿ ಆಗಲೇ ನಾಲ್ಕಿವೆ. ಇವೆರಡು ಬಂದರೆ ಸೆಟ್ ಆಗುತ್ತೆ, ಮಸಾಲೆ ಹಾಕೋಕೆ," ಎಂದರು. ಅಂಗಡಿಯವನು ನಕ್ಕ. "ಪುಡಿ ಯಾರಿಗೆ ಬೇಕು ಬೆನ್, ಎಲ್ಲರೂ ಡಬ್ಬಿಗೇ ಬರೋದು."

ನಡೆದದ್ದನ್ನು ಹೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟು, "ಅಯ್ಯೋ ರಾಮ, ಎಂಥ ಸೊಸೆ!" ಎಂದರು.

ಜಲಜಕ್ಕ ಮುಂದೆ ಬಂದರು. ಒಡೆದ ದನಿಯಲ್ಲಿ, "ಸೊಸೆ ಅಲ್ಲ ಬೆನ್. ಡಬ್ಬಿ ಸರಿಯಿಲ್ಲ. ನಾನೇ ಮಾಡಿದ್ದು, ನನಗೆ ಗೊತ್ತು," ಎಂದರು.

ಹೆಂಗಸು ಇವರನ್ನೂ ಡಬ್ಬಿಯನ್ನೂ ನೋಡಿದರು. "ನೀವು ಮಾಡಿದ್ದಾ?" ಎಂದು ಜಲಜಕ್ಕನ ಕೈ ಹಿಡಿದುಕೊಂಡರು. "ಎಷ್ಟು ಒಳ್ಳೆ ಕೈ ನಿಮ್ಮದು." ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, "ನಾನು ಹುಷಾರಾಗಿರ್ತೀನಿ," ಎಂದು ಹೊರಟೇಹೋದರು.

ಜಲಜಕ್ಕ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತರು. ಬೆಸಣಾದಲ್ಲೂ ಅಳದವರು. ನಾನು ಒಳಗೆ ಹೋಗಿ ಆ ಹೆಂಗಸಿನ ವಿಳಾಸ ಕೇಳಿಕೊಂಡು, ಮನೆಗೆ ಹೋದೆ. ತಕರಾರು ಮಾಡಿದರು. ಬಾಗಿಲಲ್ಲೇ ನಿಂತೆ. ಕೊನೆಗೆ ಆರೂ ಡಬ್ಬಿ ಕೊಟ್ಟರು. ಜೀರಿಗೆ, ಅರಿಶಿನ ಎಲ್ಲ ಪತ್ರಿಕೆಯ ಮೇಲೆ ಸುರಿದುಕೊಳ್ಳುತ್ತ ಬೈದರು. ಬೈಯಲಿ.

ಅಕ್ಟೋಬರ್ 4, ಅಹಮದಾಬಾದ್

ಪ್ರದರ್ಶನ ಶುರುವಾಯಿತು. ಗೋಡೆಯ ಮೇಲೆ ನನ್ನ ಹಳೆಯ ಬರಹ ಇಲ್ಲ. ರೈಲಿನಲ್ಲಿ ಜಲಜಕ್ಕ ಹೊಸದು ಬರೆಸಿದರು. ನಾನು 'ದುರ್ದೈವದಿಂದ' ಎಂದು ಆರಂಭಿಸಿದ್ದೆ.

"ದೈವ ತಗಿ. ದೈವಕ್ಕೇನ್ ಸಂಬಂಧ? ಪಟ್ಟಿ ನಾ ಮಾಡಿದ್ದು."

ತೆಗೆದೆ. ಉಳಿದದ್ದು ಇಷ್ಟು: 'ನನ್ನ ತಾಯಿ ಡಬ್ಬಿಗಳ ಮೇಲಿನ ಹೆಸರನ್ನು ತಿಕ್ಕಿ ಅಳಿಸುತ್ತಿದ್ದರು. ಅದನ್ನು ನೋಡಿ ನಾನು ಈ ಕೆಲಸ ಕಲಿತೆ. ಈ ಡಬ್ಬಿಯಲ್ಲಿ ವಿಷದ ಪುಡಿ ಇರುತ್ತದೆ. ಪಟ್ಟಿ ಕಳಚಿದ ಮೇಲೆ ಅದು ಯಾರಿಗೂ ತಿಳಿಯುವುದಿಲ್ಲ. ಅಂದ ಕೆಡುತ್ತದೆಂದು ನಾನು ಮೈಮೇಲೆ ಬರೆಯಲು ಬಿಡಲಿಲ್ಲ. ಇದರಿಂದ ಒಬ್ಬರು ಸತ್ತಿದ್ದಾರೆ. ನಿಮ್ಮ ಮನೆಯಲ್ಲಿ ಇದಿದ್ದರೆ ದಯವಿಟ್ಟು ತಂದುಕೊಡಿ.'

ಅಮೃತ್‌ಭಾಯ್ ಓದಿ ಹೊರಟುಹೋದರು. ಸಂಜೆ ಅವರ ಆಫೀಸಿನಿಂದ ಫೋನ್ ಬಂತು. ಎತ್ತಿದೆ. ಇನ್ನು ಯಾವ ಕೆಲಸವೂ ನಮಗಿಲ್ಲ, ಪ್ರದರ್ಶನದ ಖರ್ಚಿಗೂ ಅವರಿಲ್ಲ. "ಸರಿ, ತಿಳಿಸುತ್ತೇನೆ," ಎಂದು ಇಟ್ಟೆ.

ಕಾಲೇಜು ಹುಡುಗಿಯರು ಬರಹದ ಕಡೆ ನೋಡದೆ ಡಬ್ಬಿಯ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಜಲಜಕ್ಕ ಹೋಗಿ ಡಬ್ಬಿಯನ್ನು ಎತ್ತಿಕೊಂಡು ಬಂದು ತಮ್ಮ ಚೀಲದಲ್ಲಿಟ್ಟರು. ನಡುವಿನ ಪೀಠ ಖಾಲಿ ಇದೆ.

ಅಕ್ಟೋಬರ್ 7, ವಡೋದರಾ

ನಳಿನಿಬೆನ್ ಮನೆಗೆ ಹೋಗಿದ್ದೆವು. ಎರಡು ಡಬ್ಬಿ ನನ್ನ ಚೀಲದಲ್ಲಿದ್ದವು. ಜಲಜಕ್ಕ, "ಬ್ಯಾಡವಾ ವಿಂಧ್ಯಾ, ಆ ಮನಿಗೆ ಮತ್ತ ಅದನ್ನ ಒಯ್ಯಬಾರದು," ಎಂದಿದ್ದರು. ಒಂದರಲ್ಲಿ ಸಕ್ಕರೆಪುಡಿ, ಇನ್ನೊಂದರಲ್ಲಿ ಸೀಮೆಸುಣ್ಣದ ಪುಡಿ ತುಂಬಿಕೊಂಡಿದ್ದೆ.

ಮನೋಜ್‌ಭಾಯ್ ಕೂರಲು ಹೇಳಿದರು. ಶಕುಂತಲಾಬಾ ಗೋಡೆಗೆ ಒರಗಿದ್ದರು. ನಳಿನಿಬೆನ್ ಹೊಸಿಲಾಚೆ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವರು ಅಲ್ಲೇ ಎದ್ದು ನಿಂತರು. ಅಡುಗೆಮನೆಯ ಬಾಗಿಲಿಗೆ ಚಿಲಕ.

ಜಲಜಕ್ಕ ಈ ಸಲ ನಿಲ್ಲಿಸಲಿಲ್ಲ. "ಬಾ, ತಪ್ಪು ನನ್ನದು. ಅಂಥ ಡಬ್ಬಿ ಮಾಡಬಾರದಿತ್ತು. ಹೆಸರು ಕಳಚಿ ಬೀಳೋ ಹಾಗೆ ಮಾಡಬಾರದಿತ್ತು. ನಳಿನಿಯನ್ನು ಅನ್ನಬೇಡಿ."

ಮನೋಜ್‌ಭಾಯ್ ತಲೆ ತಗ್ಗಿಸಿ ಹೇಳಿದರು: "ನೀವು ದೊಡ್ಡವರು, ಅವಳನ್ನು ಉಳಿಸೋಕೆ ಹೇಳ್ತೀರಿ. ಸಾವಿರ ಜನರ ಮನೆಯಲ್ಲಿದೆ ಈ ಡಬ್ಬಿ. ಅಲ್ಲೆಲ್ಲ ಯಾರೂ ಸತ್ತಿಲ್ಲ. ಕಣ್ಣಿಟ್ಟು ನೋಡಿದ್ದರೆ ಗೊತ್ತಾಗ್ತಿತ್ತು."

ನಾನು ಎರಡು ಡಬ್ಬಿಗಳನ್ನು ತೆಗೆದು ಅವರ ಮುಂದಿಟ್ಟೆ. ಮುಚ್ಚಳ ತೆಗೆದೆ. "ಸಕ್ಕರೆ ಯಾವುದು, ಹೇಳಿ ಭಾಯ್."

ನನ್ನ ಗುಜರಾತಿ ತಪ್ಪಿತ್ತೇನೋ, ಆದರೂ ಅವರಿಗೆ ಅರ್ಥವಾಯಿತು. ಜಲಜಕ್ಕ ನನ್ನ ಮೊಣಕೈ ಹಿಡಿದರು. ಬಿಡಿಸಿಕೊಂಡೆ. ಮನೋಜ್‌ಭಾಯ್ ಬಾಗಿ ನೋಡಿದರು. ಎಡಗಡೆಯದನ್ನು ನೋಡಿ, ಬಲಗಡೆಯದನ್ನು ನೋಡಿ, ಮತ್ತೆ ಎಡಗಡೆಯದನ್ನು ನೋಡಿದರು. ಬೆರಳು ಮೇಲೆದ್ದು ಗಾಳಿಯಲ್ಲಿ ನಿಂತಿತು. ಯಾವುದನ್ನೂ ತೋರಿಸಲಿಲ್ಲ.

ಆಗ ಶಕುಂತಲಾಬಾ ಮುಂದಕ್ಕೆ ಜರುಗಿ ಒಂದು ಡಬ್ಬಿಯನ್ನು ಎತ್ತಿಕೊಂಡರು. ಮುಚ್ಚಳ ಹಾಕಿದರು. ಅದು ಟಕ್ಕೆಂದಿತು. ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಅದರ ಮೈ ಒರೆಸಿದರು.

"ಹೀಗೇ ಒರೆಸಿದೆ," ಎಂದರು. "ಬಚ್ಚಲಲ್ಲಿ ಒದ್ದೆಯಾಗಿ ಕೂತಿತ್ತು. ಸೊಸೆ ಸಕ್ಕರೆ ಡಬ್ಬಿ ಇಲ್ಲಿ ಮರೆತಿದ್ದಾಳಲ್ಲ, ಇರುವೆ ಬರುತ್ತೆ ಅಂದುಕೊಂಡೆ. ಒರೆಸಿ, ತಂದು, ಅವರ ಕೈಗೆ ಸಿಗೋ ಹಾಗೆ ಮುಂದಿಟ್ಟೆ."

ಮನೋಜ್‌ಭಾಯ್, "ಬಾ," ಎಂದರು.

"ಆಸ್ಪತ್ರೆಯಲ್ಲೇ ನೆನಪಾಯಿತು. ನೀವೆಲ್ಲ ಅಷ್ಟರಲ್ಲಿ ಇವಳ ಹೆಸರು ಹೇಳಿಬಿಟ್ಟಿದ್ದಿರಿ." ಮುದುಕಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ನಾನು ಹೇಳಿದ್ದರೆ, ಅವರನ್ನು ಕೊಂದವಳು ಅಂತ ನನ್ನ ಮನೆಯಲ್ಲೇ ನಾನು ಹೇಗಿರಲಿ?"

ಜಲಜಕ್ಕ ಅವರ ಪಕ್ಕಕ್ಕೆ ಹೋಗಿ ಕುಳಿತರು. "ನೀವಲ್ಲ ಬಾ," ಎಂದರು. ಮುದುಕಿ ಕೇಳಿಸಿಕೊಂಡರೋ ಇಲ್ಲವೋ. ಹಿತ್ತಲಲ್ಲಿ ನಲ್ಲಿ ಹರಿಯುತ್ತಲೇ ಇತ್ತು. ನಳಿನಿಬೆನ್ ಅದನ್ನು ನಿಲ್ಲಿಸಲೂ ಕದಲಲಿಲ್ಲ.

ಆಮೇಲೆ ಶಕುಂತಲಾಬಾ ಹೇಳಿದರು: "ನಳಿನಿ, ಬಂದವರಿಗೆ ನೀರು ಕೊಟ್ಟಿಲ್ಲ."

ನಳಿನಿಬೆನ್ ಗಂಡನ ಕಡೆ ನೋಡಿದರು. ಅವರು ಎದ್ದು ಹೋಗಿ ಅಡುಗೆಮನೆಯ ಚಿಲಕ ತೆಗೆದು, ಬಾಗಿಲಿನಿಂದ ಸರಿದು ನಿಂತರು. ಒಳಗೆ ಲೋಟಗಳ ಸದ್ದು. ನಳಿನಿಬೆನ್ ತಟ್ಟೆಯಲ್ಲಿ ಎರಡು ಲೋಟ ತಂದು ನಮ್ಮ ಮುಂದೆ ಹಿಡಿದರು.

"ನನಗೂ," ಎಂದರು ಅತ್ತೆ.

ಜಲಜಕ್ಕ ತಮ್ಮ ಲೋಟಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನಳಿನಿಬೆನ್ ತಟ್ಟೆಯನ್ನು ಅತ್ತೆಯ ಕಡೆ ತಿರುಗಿಸಿದರು. ಮುದುಕಿ ಲೋಟ ತೆಗೆದುಕೊಂಡು, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಪೂರ್ತಿ ಕುಡಿದರು. ಅಷ್ಟು ಹೊತ್ತೂ ನಳಿನಿಬೆನ್ ತಟ್ಟೆ ಹಿಡಿದು ಬಾಗಿಯೇ ನಿಂತಿದ್ದರು. ಅವರ ಒದ್ದೆ ಕೈಯಿಂದ ಸಾಬೂನಿನ ನೀರು ನೆಲಕ್ಕೆ ಹನಿಯುತ್ತಿತ್ತು.